ಕಾಲ್ಬೆರಳಿಗೆ ಗೊತ್ತಿದ್ದ ಬಾಗಿಲು

"ತೆಗೀರಿ."

"ಏನನ್ನ ಮೇಡಂ?"

"ಈ ಹೊಲಿಗೆ ಕೋಣೆ ಬಾಗಿಲನ್ನ. ನಿಮ್ಮ ವಿಡಿಯೋದಲ್ಲಿ ತೆಗೆದಿದ್ದೀರಲ್ಲ, ಹಾಗೇ ತೆಗೀರಿ. ನಾವೂ ನೋಡೋಣ."

ಮನೆ ದಲ್ಲಾಳಿ ನಕ್ಕ. ಬಾಯಿ ಮಾಸ್ಕಿನ ಹಿಂದಿತ್ತು; ನಕ್ಕದ್ದು ಕಣ್ಣಂಚು ಮಾತ್ರ. ಇಷ್ಟೇ ಇಷ್ಟು ಕಣ್ಣಂಚನ್ನು ನಂಬಿ ಎಷ್ಟು ಜನ ಮನೆ ಕೊಂಡರೋ, ಎಷ್ಟು ಜನ ಬೀದಿಗೆ ಬಿದ್ದರೋ ಎಂದು ನೆನೆದಾಗ ಕೆಂಡಳ ಎದೆಯೊಳಗೆ ಏನೋ ಚುರ್ರೆಂದಿತು.

ಪೊಲೀಸ್ ನೌಕರಿ ಬಿಟ್ಟು ಸ್ವಂತವಾಗಿ ಪತ್ತೇದಾರಿಕೆಗೆ ಇಳಿದರೂ ಠಾಣೆಯವರು ಇಟ್ಟ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಕೆಂಡ. ಸಿಟ್ಟು ನೆತ್ತಿಗೇರಿದರೆ ಒಂದು ಪದ್ಯವನ್ನು ಮನಸ್ಸಿನಲ್ಲೇ ಪೂರ್ತಿ ಹೇಳಿಕೊ, ಆಮೇಲೆ ಬಾಯಿ ತೆರೆ ಎಂದು ಅಮ್ಮ ಕಲಿಸಿದ್ದಳು. ಅಮ್ಮ ಬೆಳಗಿನ ಹೊತ್ತು ರಾಗವಾಗಿ ಓದುತ್ತಿದ್ದರೆ ಇವಳು ಗೋಡೆಗೊರಗಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಯಾರ ದನಿ ಎಲ್ಲಿ ನಡುಗಿತು, ಯಾರ ಉಸಿರು ಎಲ್ಲಿ ಕಡಿಯಿತು ಎಂದು ಹಿಡಿಯುವ ವಿದ್ಯೆ ಬಂದದ್ದು ಅಲ್ಲಿಂದ.

ಇವತ್ತು ಪದ್ಯದ ಮೊದಲ ಸಾಲಿಗೇ ನಾಲಿಗೆ ನಿಂತುಹೋಗಿತ್ತು.

ಈ ಮನೆಯ ಒಡತಿ, ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವ ದರ್ಜಿ ಚಿಕ್ಕಮ್ಮ, ಸೋಂಕು ತಗಲಿ ಆಸ್ಪತ್ರೆ ಸೇರಿ, ಗುಣವಾಗಿ ವಾಪಸು ಬಂದರೆ ತನ್ನ ಕೈಯ ಬೀಗದ ಕೀಲಿ ತನ್ನದೇ ಬಾಗಿಲಿಗೆ ಹೊಂದಲಿಲ್ಲ. ಒಳಗಿನಿಂದ ಯಾರದೋ ಮಗುವಿನ ಅಳು ಕೇಳಿತು.

ಆ ಮಗು ಈಗ ಕೆಂಡಳ ಕಾಲ ಬಳಿ ಅಂಬೆಗಾಲಿಡುತ್ತಿತ್ತು. ಅದರ ಅಪ್ಪ ಶಾಲೆಯ ಮೇಷ್ಟ್ರು, ಅಮ್ಮ ನರ್ಸ್. ಮನೆ ಕೊಂಡವರು ಇವರೇ. ಮೇಷ್ಟ್ರು ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಮಾಸಿದ ಪೈಜಾಮ ಹಾಕಿಕೊಂಡು ನಿಂತಿದ್ದರು. ಫೋನಿನಲ್ಲಿ ನಡೆಯುತ್ತಿದ್ದ ತರಗತಿಯನ್ನು ಅರ್ಧಕ್ಕೆ ನಿಲ್ಲಿಸಿ ಎದ್ದು ಬಂದಿದ್ದರು.

"ತೆಗೀರಪ್ಪ," ಎಂದರು ಮೇಷ್ಟ್ರು. "ಮೇಡಂ ಕೇಳ್ತಿದ್ದಾರಲ್ಲ."

ದಲ್ಲಾಳಿ ಕೈಗೆ ಸ್ಯಾನಿಟೈಸರ್ ಸವರಿಕೊಂಡ. ಹಿಡಿಕೆ ತಿರುಗಿಸಿದ. ತಳ್ಳಿದ. ಬಾಗಿಲು ಅಲ್ಲಾಡಲಿಲ್ಲ. ಭುಜ ಕೊಟ್ಟ. ಬಾಗಿಲಿನ ಬುಡ ನೆಲಕ್ಕೆ ಉಜ್ಜಿ ಕಿರುಗುಟ್ಟಿತು, ಅಷ್ಟೆ. ಕೊನೆಗೆ ಹಿಡಿಕೆಯನ್ನು ಹಿಡಿದು ಮೇಲಕ್ಕೆತ್ತಿದ.

ಹಿಡಿಕೆ ಕಿತ್ತು ಅವನ ಕೈಗೇ ಬಂತು.

ಮಗು ಕಿಲಕಿಲನೆ ನಕ್ಕಿತು. ಬೇರೆ ಯಾರೂ ನಗಲಿಲ್ಲ.

"ಮಳೆ ಗಾಳಿಗೆ ಮರ ಉಬ್ಬಿರುತ್ತೆ ಮೇಡಂ," ಎಂದ ದಲ್ಲಾಳಿ, ಹಿಡಿಕೆಯನ್ನು ಬೆನ್ನ ಹಿಂದೆ ಮರೆಮಾಡುತ್ತ. "ಅವತ್ತು ನಾನು ಬಂದಾಗ ಬೆಣ್ಣೆ ಥರ ತೆಗೀತು."

"ನೀವು ಬಂದಾಗ?"

"ಬಂದಾಗ."

"ಯಾವ ಮೆಟ್ಟಿಲು ಹತ್ತಿ ಬಂದ್ರಿ? ಎದುರಿನದಾ, ಹಿತ್ತಿಲಿನದಾ?"

ಅವನ ಕಣ್ಣು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಯಿತು. "ಹಿತ್ತಿಲಿಂದ ಅನ್ಸುತ್ತೆ..."

"ಈ ಮನೆಗೆ ಹಿತ್ತಿಲೇ ಇಲ್ಲ," ಎಂದಳು ಕೆಂಡ.

ಮೇಷ್ಟ್ರ ಮುಖ ಕೆಂಪೇರಿತು. "ಏನು? ನೀವು ಈ ಮನೆಗೆ ಕಾಲೇ ಇಟ್ಟಿಲ್ವಾ? ಮನೆ ಮೂಲೆಮೂಲೆ ನನ್ನ ಅಂಗೈಯಲ್ಲಿದೆ ಅಂದ್ರಲ್ರೀ!"

"ಅಂಗೈಯಲ್ಲೇ ಇತ್ತು ಮೇಷ್ಟ್ರೇ, ಫೋನಲ್ಲಿ." ದಲ್ಲಾಳಿಯ ದನಿ ಕುಗ್ಗಿತು. "ಆಗ ಯಾರು ಯಾರ ಮನೆಗೆ ಹೋಗ್ತಿದ್ರು, ನೀವೇ ಹೇಳಿ? ಮೊದಲೆಲ್ಲ ಜನಾನ ಕರ್ಕೊಂಡು ಮನೆಗೆ ಹೋಗ್ತಿದ್ವಿ. ಕಾಯಿಲೆ ಬಂದ್ಮೇಲೆ ಮನೆಗಳೇ ಫೋನಿಗೆ ಬರೋಕೆ ಶುರುವಾದವು. ಒಡೆಯರು ವಿಡಿಯೋ ಕಳಿಸೋರು, ನಾನು ಅದಕ್ಕೊಂದು ಹಾಡು ಹಾಕಿ ಕೊಳ್ಳೋರಿಗೆ ಕಳಿಸೋನು. ಇತ್ತಿಂದತ್ತ. ದಲ್ಲಾಳಿಗಳೆಲ್ಲ ಹಾಗೇ ಮಾಡಿದ್ದು."

"ನಾನು ಒಂದು ಪೆನ್ನು ಕೊಳ್ಳೋದಾದ್ರೂ ಗೀಚಿ ನೋಡ್ತೀನಿ ಕಣ್ರೀ!" ಮೇಷ್ಟ್ರು ಗುಡುಗಿದರು. "ಮನೆ ಕೊಂಡಿದ್ದೀನಿ ನಾನು, ಮನೆ! ನಮ್ಮಪ್ಪ ಬಿಟ್ಟುಹೋದ ಜಾಗ ಮಾರಿ ಕೊಂಡಿದ್ದು!"

"ಗೀಚಿ ನೋಡದೆ ಕೊಂಡಿದ್ದು ನೀವೇ ತಾನೇ?" ದಲ್ಲಾಳಿಗೂ ರೇಗಿತು. "ಬೇಗ ಆಗ್ಬೇಕು, ಈ ವಾರವೇ ಆಗ್ಬೇಕು ಅಂತ ನನ್ನ ಪ್ರಾಣ ಹಿಂಡಿದ್ದು ಯಾರು?"

ಈವರೆಗೆ ಬಾಯಿ ಬಿಡದಿದ್ದ ನರ್ಸ್ ಮಗುವನ್ನು ಎತ್ತಿ ಸೊಂಟಕ್ಕೇರಿಸಿಕೊಂಡಳು.

"ಯಾಕೆ ಅವಸರ ಮಾಡಿದ್ವಿ, ಕೇಳಿ ಮೇಡಂ," ಎಂದಳು ಕೆಂಡಳ ಕಡೆ ತಿರುಗಿ. "ನಮ್ಮ ಹಳೇ ಬೀದಿಯವರು ತಾರಸಿ ಮೇಲೆ ನಿಂತು ನನಗೆ ಚಪ್ಪಾಳೆ ತಟ್ಟಿದ್ರು. ದೇವರಂಥೋಳು ಅಂದ್ರು. ಮಾರನೇ ದಿನ ಡ್ಯೂಟಿ ಮುಗಿಸಿ ಬಂದ್ರೆ ಮನೆ ಮಾಲೀಕ ನಮ್ಮ ಪಾತ್ರೆ ಪಡಗ ಎಲ್ಲಾ ಜಗಲಿ ಮೇಲೆ ಇಟ್ಟಿದ್ದ. ರೋಗ ಹೊತ್ತು ತರ್ತೀಯ, ನಮಗೂ ಮಕ್ಕಳಿದ್ದಾರೆ ಅಂದ. ಮಗುವಿನ ಹಾಲಿನ ಬಾಟಲು ಕೂಡ ಹೊರಗೇ. ಅವತ್ತು ಅಂದ್ಕೊಂಡೆ, ಇನ್ನು ಯಾರ ಬಾಗಿಲಲ್ಲೂ ನಿಲ್ಲಲ್ಲ ಅಂತ."

ಕೆಂಡಳಿಗೆ ಆ ಮಾಲೀಕನ ಮೇಲೂ ಸಿಟ್ಟು ಬಂತು. ಇಡೀ ಊರಿನ ಮೇಲೆ ಬಂತು. ಒಂದು ಮನೆಗಾಗಿ ಎರಡು ಸಂಸಾರ, ಎರಡೂ ಬೀದಿಪಾಲಾದವು. ನಡುವೆ ಸ್ಯಾನಿಟೈಸರ್ ಸವರಿಕೊಂಡ ಈ ಮನುಷ್ಯ. ಇವರಲ್ಲಿ ಯಾರೋ ಒಬ್ಬರು ಗಂಟುಮೂಟೆ ಕಟ್ಟಬೇಕು. ಯಾರು ಎಂಬುದನ್ನು ತಾನು ತಂದುಕೊಡುವ ಸತ್ಯವೇ ತೀರ್ಮಾನಿಸಬೇಕು.

"ವಿಡಿಯೋ ನೋಡಿದ ತಕ್ಷಣ ಮನಸ್ಸಿಗೆ ಬಂದುಬಿಡ್ತು," ನರ್ಸ್ ಮುಂದುವರಿಸಿದಳು. "ಬೇರೆ ವಿಡಿಯೋಗಳಲ್ಲಿ ಸಿಂಕು, ಕಮೋಡು, ಕರೆಂಟು ಮೀಟರು ತೋರಿಸ್ತಾರೆ. ಇದರಲ್ಲಿ ಬಿಸಿಲು ತೋರಿಸಿದ್ರು. ಸೂಜಿ ಚುಚ್ಚಿಡೋ ಪುಟ್ಟ ದಿಂಬು ತೋರಿಸಿದ್ರು. ಬೆಳಗಾದ್ರೆ ಒಂದು ಗುಬ್ಬಿ ಬಂದು ಈ ಗಾಜಿಗೆ ಕುಟ್ಟುತ್ತೆ ಅಂದ್ರಲ್ಲ, ಅದೂ ನಿಜ. ದಿನಾ ಬರುತ್ತೆ."

"ಯಾವ ಗುಬ್ಬಿ?" ಎಂದರು ಮೇಷ್ಟ್ರು. "ನಾನು ಕೇಳಿಸಿಕೊಂಡಿಲ್ಲಪ್ಪ."

"ನಿಮಗೆ ಹೆತ್ತ ಮಗು ಅತ್ತರೇ ಕೇಳ್ಸಲ್ಲ, ಇನ್ನು ಗುಬ್ಬಿ!"

"ತರಗತಿ ನಡೀವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡಿರ್ತೀನಿ ಕಣೇ..."

"ಆಮೇಲೆ ಜಗಳ ಆಡಿ," ಕೆಂಡ ತಡೆದಳು. "ಆ ದರ್ಜಿ ಚಿಕ್ಕಮ್ಮನ ಕಥೆ ಏನು? ಅವರು ಎಲ್ಲಿಗೆ ಹೋಗ್ಬೇಕು?"

ನರ್ಸ್ ತುಟಿ ಬಿಗಿದಳು. "ಅವರು ಒಪ್ಪಿದ್ರು ಮೇಡಂ. ಆಸ್ಪತ್ರೆ ಹಾಸಿಗೆಯಿಂದಲೇ ವಿಡಿಯೋ ಕಾಲಲ್ಲಿ ತಲೆಯಾಡಿಸಿದ್ದನ್ನ ವಕೀಲರು ನೋಡಿದ್ದಾರೆ. ಈಗ ಬಂದು ನಾನಲ್ಲ ಅಂದ್ರೆ? ಆಕ್ಸಿಜನ್ ಮೇಲಿದ್ದವರನ್ನ ನಾನು ದಿನಾ ನೋಡಿದ್ದೀನಿ. ವಾಸಿಯಾಗಿ ಮನೆಗೆ ಹೋದ್ಮೇಲೂ ಬಚ್ಚಲಿಗೆ ಹೋಗಿಬರೋಷ್ಟರಲ್ಲಿ ಏದುಸಿರು. ಆ ಯಮ್ಮ ಮೊನ್ನೆ ಬಂದು ಕೆಳಗೆ ನಿಂತು ಇಡೀ ಬೀದಿಗೆ ಕೇಳೋ ಹಾಗೆ ಬೈದ್ರು. ನನಗೇ ಆಶ್ಚರ್ಯ ಆಯ್ತು."

"ಮನೆ ಕಳ್ಕೊಂಡವರಿಗೆ ದನಿ ಎಲ್ಲಿಂದಲೋ ಬರುತ್ತೆ," ಎಂದು ಕೆಂಡ ಚುಚ್ಚಿದಳು.

ಮೇಜಿನ ಮೇಲೆ ಫೋನನ್ನು ಒರಗಿಸಿಟ್ಟು ವಿಡಿಯೋವನ್ನು ಮತ್ತೆ ಹಾಕಿದಳು.

ಒಂದು ಜಾಳುಜಾಳು ಸಿನಿಮಾ ಸಂಗೀತ. ಹಜಾರ. ಕಿಟಕಿ. ಕಿಟಕಿಯಾಚೆ ಬೀದಿಗೆ ಅಡ್ಡ ನಿಲ್ಲಿಸಿದ ತಗಡುಗಳು. ಆ ತಗಡುಗಳನ್ನು ತಂದು ಬೀದಿ ಮುಚ್ಚಿದ್ದು ಚಿಕ್ಕಮ್ಮನನ್ನು ಆಂಬುಲೆನ್ಸ್ ಕರೆದೊಯ್ದ ಸಂಜೆ. ಅದನ್ನು ಅಕ್ಕಪಕ್ಕದವರೆಲ್ಲ ಹೇಳಿದ್ದರು. ಅಂದರೆ ಈ ಚಿತ್ರ ತೆಗೆಯುವಾಗ ಮನೆಯೊಡತಿ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದಳು, ಇಲ್ಲಿ ಯಾರೋ ಸಾವಧಾನವಾಗಿ ಅವಳ ಮನೆ ಸುತ್ತುತ್ತಿದ್ದರು.

ಆಮೇಲೆ ಹೊಲಿಗೆ ಕೋಣೆಯ ಬಾಗಿಲು. ಗ್ಲೌಸು ತೊಟ್ಟ ಒಂದು ಕೈ ಮುಂದೆ ಬಂತು. ಬೆರಳ ತುದಿ ಬಾಗಿಲಿಗೆ ತಾಕಿತೋ ಇಲ್ಲವೋ, ಬಾಗಿಲು ನಿದ್ದೆಯಿಂದ ಎದ್ದವರ ಹಾಗೆ ಸಣ್ಣಗೆ ಮೇಲೆದ್ದು, ಒಳಕ್ಕೆ ಸರಿಯಿತು. ಒಳಗೆ ಅಕ್ಕಪಕ್ಕ ಎರಡು ಹೊಲಿಗೆ ಯಂತ್ರ, ಎರಡು ಸ್ಟೂಲು.

"ಈ ಹಾಡು ನಿಮ್ಮದು," ಎಂದಳು ಕೆಂಡ ದಲ್ಲಾಳಿಗೆ. "ಅದರ ಕೆಳಗೆ ಇದ್ದ ಸದ್ದು ಎಲ್ಲಿ?"

"ಸದ್ದೇ ಇರ್ಲಿಲ್ಲ ಮೇಡಂ. ನನಗೆ ಬಂದಿದ್ದೇ ಮೂಕ ವಿಡಿಯೋ. ಯಾರೋ ದನಿ ತೆಗೆದು ಕಳಿಸಿದ್ರು. ಅದಕ್ಕೇ ಹಾಡು ಹಾಕಿದ್ದು, ಹೆಣದ ಮನೆ ಥರ ಕಾಣ್ಬಾರ್ದು ಅಂತ."

"ಕಳಿಸಿದ್ದು ಯಾರು?"

"ಮನೆಯೊಡತಿಯ ನಂಬರಿಂದಲೇ ಬಂತು. ದೇವರಾಣೆ. ಮೆಸೇಜೂ ಅಲ್ಲಿಂದಲೇ. ಈಗ ಆ ನಂಬರು ಬಂದ್ ಆಗಿದೆ."

ಚಿಕ್ಕಮ್ಮನ ಫೋನು ಆಸ್ಪತ್ರೆಯಲ್ಲೇ ಕಳೆದುಹೋಗಿತ್ತು; ಹಾಗೆಂದು ಅವಳೇ ಹೇಳಿದ್ದಳು. ಮಾರಿದ ಹಣ ಅವಳದೇ ಹೆಸರಿನ ಖಾತೆಗೆ ಬಂದು, ಬಂದ ಹಾಗೆಯೇ ಮಾಯವಾಗಿತ್ತು. ಯಾರೋ ಒಬ್ಬರು ಅವಳ ಫೋನು, ಅವಳ ಹೆಸರು, ಅವಳ ಮನೆ ಮೂರನ್ನೂ ಹಾಕಿಕೊಂಡು ತಿರುಗಿದ್ದರು.

ಕೆಂಡ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಹಿಡಿಕೆ ಎತ್ತಿದರೆ ಕಿತ್ತು ಬರುತ್ತದೆ. ವಿಡಿಯೋದಲ್ಲಿ ಬೆರಳು ಹಿಡಿಕೆಯನ್ನು ಎತ್ತಿರಲೂ ಇಲ್ಲ. ಹಾಗಾದರೆ ಬಾಗಿಲು ಎದ್ದದ್ದು ಹೇಗೆ?

"ನಿಮಗೆ ಇದು ಹೇಗೆ ತೆಗೆಯೋದು ಗೊತ್ತಾ?"

"ಬಂದ ಮೊದಲ ದಿನ ಇಬ್ಬರೂ ಸೇರಿ ತಳ್ಳಿ ತಳ್ಳಿ ಸಾಕಾಯ್ತು," ಎಂದರು ಮೇಷ್ಟ್ರು. "ಅವತ್ತಿಂದ ಸ್ಟೂಲು ಅಡ್ಡ ಇಟ್ಟು ತೆಗೆದೇ ಇಟ್ಟಿರ್ತೀವಿ. ಇವತ್ತು ಮುಚ್ಚಿಸಿದ್ದು ನೀವು."

ಅವಳು ಬಾಗಿಲಿನ ಬುಡಕ್ಕೆ ಬೆರಳಾಡಿಸಿದಳು. ಒಂದು ಕಡೆ ಮರ ಸವೆದು, ಹಳೆಯ ಒರಳಿನ ಅಂಚಿನಂತೆ ನುಣುಪಾಗಿತ್ತು. ಎದ್ದು ನಿಂತು ಚಪ್ಪಲಿ ಬಿಟ್ಟು ಕಾಲಿನ ಹೆಬ್ಬೆರಳನ್ನು ಅಲ್ಲಿಗೆ ತೂರಿಸಿದಳು. ಎತ್ತಿದಳು. ಒಂದು ಬೆರಳಿನಿಂದ ತಳ್ಳಿದಳು.

ಬಾಗಿಲು ಸದ್ದಿಲ್ಲದೆ ಒಳಕ್ಕೆ ಸರಿಯಿತು.

ದಲ್ಲಾಳಿ ಬಾಯಿ ಬಿಟ್ಟುಕೊಂಡು ನೋಡಿದ. ಅದು ಮಾಸ್ಕಿನ ಮೇಲಿಂದಲೂ ಕಂಡಿತು.

ಇದು ನೋಡಿ ಕಲಿಯುವುದಲ್ಲ. ಕೈತುಂಬ ಬಟ್ಟೆ ಹಿಡಿದು ವರ್ಷಗಟ್ಟಲೆ ಈ ಹೊಸ್ತಿಲು ದಾಟಿದ ಕಾಲು ತಾನಾಗಿ ಕಲಿತದ್ದು. ಚಿಕ್ಕಮ್ಮನ ಅಕ್ಕನ ಮಗಳು, ಕೆಂಡಳನ್ನು ಈ ಕೆಲಸಕ್ಕೆ ಹಚ್ಚಿದವಳು, ತಮ್ಮ ಮೊದಲ ಭೇಟಿಯಲ್ಲೇ ಹೇಳಿದ್ದಳು: "ಹೊಲಿಗೆ ಕೋಣೆಗೆ ನಮ್ಮನ್ನ ಬಿಡ್ತಾನೇ ಇರ್ಲಿಲ್ಲ ಮೇಡಂ, ಕಾಲಿಗೆ ಸೂಜಿ ಚುಚ್ಚುತ್ತೆ ಅಂತ. ಚಿಕ್ಕಮ್ಮ, ಗುಂಡಿ, ಇಬ್ಬರೇ ಒಳಗೆ."

ಗುಂಡಿ. ಚಿಕ್ಕಮ್ಮನ ಜೊತೆ ಕೆಲಸಕ್ಕಿದ್ದ ಹೆಂಗಸು. ಬಟ್ಟೆಗೆ ಗುಂಡಿ ಹಚ್ಚುತ್ತಿದ್ದುದರಿಂದ ಬೀದಿಗೆಲ್ಲ ಗುಂಡಿ. ಕಾಯಿಲೆ ಕಾಲಿಟ್ಟ ಕೂಡಲೇ ಊರಿಗೆ ಹೋದಳು ಎಂದು ಚಿಕ್ಕಮ್ಮ ಹೇಳಿದ್ದಳು. ಯಾವ ಊರು ಎಂದು ಕೇಳಿದ್ದಕ್ಕೆ, "ಅವಳು ಹೇಳ್ಕೊಂಡೋಳಲ್ಲ" ಎಂದು ಮಾತು ಮರೆಸಿದ್ದಳು.

ಕೆಂಡಳ ಸಿಟ್ಟಿಗೆ ಕೊನೆಗೂ ಒಂದು ಮುಖ ಸಿಕ್ಕಿತು. ಪಕ್ಕದ ಸ್ಟೂಲಿನಲ್ಲೇ ಕುಳಿತು ಉಂಡವಳು! ಒಡತಿ ಸಾಯುತ್ತಾಳೆಂದು ಲೆಕ್ಕ ಹಾಕಿ, ಅವಳ ಫೋನು ಕದ್ದು, ಬೀದಿಯ ತಗಡು ನುಸುಳಿ ಬಂದು, ಕಾಲ್ಬೆರಳಿನಿಂದ ಬಾಗಿಲೆತ್ತಿ, ಸೂಜಿದಿಂಬನ್ನೂ ಬಿಡದೆ ಚಿತ್ರ ತೆಗೆದು ಮಾರಿದವಳು!

"ನೀವು ಊರು ಬಿಡೋ ಹಾಗಿಲ್ಲ," ಎಂದಳು ದಲ್ಲಾಳಿಗೆ. "ಆ ಹಿಡಿಕೆ ಮೇಜಿನ ಮೇಲಿಟ್ಟು ಹೋಗಿ. ಅದಾದ್ರೂ ಈ ಮನೇಲಿ ಉಳೀಲಿ."

* * *

ಚಿಕ್ಕಮ್ಮನ ಅಕ್ಕನ ಮಗಳ ಬಾಡಿಗೆ ಕೋಣೆ ಮೂರನೆಯ ಮಹಡಿಯಲ್ಲಿತ್ತು. ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ಒರಗಿಸಿಟ್ಟ ಚಿಕ್ಕಮ್ಮನ ಬಟ್ಟೆಯ ಚೀಲ. ಅಡುಗೆಮನೆ ಎಲ್ಲ ಬಾಡಿಗೆಯವರಿಗೂ ಸೇರಿ ಕೆಳಗೆ ಒಂದೇ. ಚಿಕ್ಕಮ್ಮ ಟೀ ಮಾಡಲು ಅಲ್ಲಿಗೆ ಇಳಿದಿದ್ದಳು.

"ಟೀ ಬೇಡ ಅಂದ್ರೂ ಕೇಳಲ್ಲ," ಎಂದಳು ಹುಡುಗಿ. "ಕೂತ್ಕೊಳ್ಳಿ ಅಂದ್ರೆ ನಿಂತ್ಕೊಳ್ತಾರೆ. ಸಿಟ್ಟು ಮೇಡಂ, ಮೈಯೆಲ್ಲ ಸಿಟ್ಟು. ನನಗೂ ಅಷ್ಟೇ. ಅವರು ಉಸಿರಿಲ್ಲದೆ ಮಲಗಿದ್ರೆ ನಾನು ಬೇರೆ ಊರಲ್ಲಿ, ಬಸ್ಸಿಲ್ಲ ರೈಲಿಲ್ಲ ಅಂತ ಕೈಕಟ್ಟಿ ಕೂತಿದ್ದೆ. ಒಂದು ಸಲ ಮುಖ ತೋರಿಸಿ ಅಂದ್ರೆ ಬೇಡ ಬೇಡ, ನೋಡಿದ್ರೆ ಹೆದರ್ತೀಯ ಅಂತಿದ್ರು. ನನ್ನನ್ನ ಸಾಕಿದೋರು ಅವರು. ಆ ಮನೆ ಕಿತ್ಕೊಂಡೋರನ್ನ ನಾನು ಸುಮ್ನೆ ಬಿಡಲ್ಲ. ಯಾರು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು. ಗುಂಡಿ."

ಹುಡುಗಿ ಕಣ್ಣರಳಿಸಿದಳು. "ಗುಂಡಿನಾ?"

"ವಿಡಿಯೋ ತೆಗೆದಿದ್ದು ಅವಳೇ. ಆ ಕೋಣೆ ಬಾಗಿಲನ್ನ ಕಾಲ್ಬೆರಳಿಂದ ಎತ್ತಿ ತೆಗೆದಿದ್ದಾಳೆ. ಆ ಗುಟ್ಟು ಗೊತ್ತಿದ್ದೋರು ಇಬ್ಬರೇ."

"ಅದು ಆಗೋ ಮಾತಲ್ಲ ಮೇಡಂ." ಹುಡುಗಿ ತಲೆ ಅಲ್ಲಾಡಿಸಿದಳು. "ಗುಂಡಿಗೆ ಹುಟ್ಟಿದಾಗಿಂದ ಒಂದು ಕಾಲು ಸ್ವಾಧೀನದಲ್ಲಿಲ್ಲ. ಊರುಗೋಲು ಬಿಟ್ಟು ಹೆಜ್ಜೆ ಇಟ್ಟೋಳೇ ಅಲ್ಲ. ಒಂದೇ ಕಾಲಲ್ಲಿ ನಿಂತು ಇನ್ನೊಂದ್ರಲ್ಲಿ ಬಾಗಿಲು ಎತ್ತೋದು ಎಲ್ಲಿಂದ ಬಂತು? ಯಾವಾಗ್ಲೂ ಚಿಕ್ಕಮ್ಮನೇ ತೆಗೆದು ಕೊಡ್ತಿದ್ರು. ಅವಳು ಹೊರಗಿಂದ, ಅಕ್ಕಾ ಬಾಗ್ಲು ಅಂತ ಕೂಗೋಳು."

ಕೆಂಡ ಬಾಗಿಲ ಕಡೆ ತಿರುಗಿದಳು.

ಕೆಳಗಿನಿಂದ ಒಂದು ದನಿ ಮೇಲೇರಿ ಬರುತ್ತಿತ್ತು. ಯಾವುದೋ ಹಳೆಯ ಪದ. ಗುನುಗು, ಮಾತಿಲ್ಲದ ಗುನುಗು. ಒಂದು ಮಹಡಿ ಹತ್ತಿತು, ತಿರುವಿನಲ್ಲಿ ನಿಲ್ಲಲಿಲ್ಲ. ಇನ್ನೊಂದು ಹತ್ತಿತು. ಕೆಂಡಳ ಕಿವಿ ತಂತಾನೇ ಉಸಿರಿಗಾಗಿ ಹುಡುಕಿತು. ಎಲ್ಲಿ ಕಡಿಯುತ್ತದೆ, ಎಲ್ಲಿ ಏದುತ್ತದೆ ಎಂದು. ರಾಗ ಎಳೆ ಕಡಿಯದ ದಾರದಂತೆ ಬಾಗಿಲವರೆಗೂ ಬಂತು.

ಬಚ್ಚಲಿಗೆ ಹೋಗಿಬರೋಷ್ಟರಲ್ಲಿ ಏದುಸಿರು, ಎಂದಿದ್ದಳು ನರ್ಸ್.

ಬಾಗಿಲು ತೆರೆಯಿತು. ಚಿಕ್ಕಮ್ಮನ ಎರಡು ಕೈಯಲ್ಲೂ ತಟ್ಟೆ, ತಟ್ಟೆಯಲ್ಲಿ ಟೀ ಲೋಟಗಳು. ಹೊಸ ಬಾಗಿಲು ಅದು, ಗಾಳಿ ಬೀಸಿದರೂ ತೆರೆಯುವಂಥದು. ಆದರೂ ಅವಳ ಬಲಗಾಲಿನ ಹೆಬ್ಬೆರಳು ಬಾಗಿಲ ಬುಡಕ್ಕೆ ಹೋಗಿ, ಮೆಲ್ಲಗೆ ಮೇಲಕ್ಕೆತ್ತಿ, ಒಳಕ್ಕೆ ಸರಿಸಿತು.

"ನೋಡಿ, ನೋಡಿ!" ಹುಡುಗಿ ನಕ್ಕಳು. "ಚಿಕ್ಕಮ್ಮ, ಈ ಬಾಗಿಲಿಗೆ ಏನೂ ಆಗಿಲ್ಲ. ದಿನಾ ಯಾಕೆ ಒದೀತೀರಿ ಅದನ್ನ?"

ಚಿಕ್ಕಮ್ಮ ತಲೆ ಬಗ್ಗಿಸಿ ತನ್ನ ಕಾಲನ್ನೇ ನೋಡಿಕೊಂಡಳು. ಆಮೇಲೆ ಕೆಂಡಳ ಮುಖ ನೋಡಿದಳು. ಕೆಂಡಳ ಕಣ್ಣೂ ಅದೇ ಕಾಲಿನ ಮೇಲಿತ್ತು.

ಚಿಕ್ಕಮ್ಮ ಕಾಲನ್ನು ಸೀರೆಯ ನಿರಿಗೆಯೊಳಗೆ ಎಳೆದುಕೊಂಡಳು.

"ಸಕ್ಕರೆ ಹಾಕೋದೇ ಮರೆತೆ," ಎಂದಳು ಚಿಕ್ಕಮ್ಮ. "ಕೆಳಗೆ ಹೋಗಿ ತಾ ಮಗಳೇ."

"ನಾನು ಸಕ್ಕರೆ..."

"ಹೋಗು ಅಂದೆ."

ಹುಡುಗಿಯ ಹೆಜ್ಜೆ ಮೆಟ್ಟಿಲಿಳಿದು ದೂರವಾಯಿತು.

"ಆಸ್ಪತ್ರೆಯಲ್ಲಿ ಇದ್ದಿದ್ದು ನೀವಲ್ಲ," ಎಂದಳು ಕೆಂಡ.

ಚಿಕ್ಕಮ್ಮ ತಟ್ಟೆಯನ್ನು ಮಂಚದ ಮೇಲಿಟ್ಟಳು.

"ನೀವಲ್ಲ! ನಿಮಗೆ ಸೋಂಕೇ ಇರ್ಲಿಲ್ಲ. ನನ್ನ ಮುಂದೆ ಕೂತು, ಉಸಿರಾಡೋದೊಂದೇ ನನಗೆ ಕೆಲಸ ಆಗಿತ್ತು, ಬೇರೇನೂ ನೆನಪಿಲ್ಲ ಅಂತ ಕಣ್ಣೀರು ಹಾಕಿದ್ರಿ. ನಾನು ನಂಬಿದೆ. ನಂಬಿ ಆ ಮೇಷ್ಟ್ರ ಮನೆಗೆ ಹೋಗಿ, ಮಗುವಿನ ಮುಂದೆ ಕೂಗಾಡಿ ಬಂದೆ. ನಿಮ್ಮ ಕೈಯಾರೆ ಮನೆ ಮಾರಿ ಈಗ ಅವರನ್ನ ಬೀದಿಗೆ ತಳ್ಳೋಕೆ ನನ್ನನ್ನ ಬಳಸ್ತಿದ್ದೀರಾ?"

"ಮಾರಿಲ್ಲ!" ಚಿಕ್ಕಮ್ಮನ ದನಿ ಕತ್ತರಿಯಂತೆ ಬಂತು. "ಸುಳ್ಳು ಹೇಳಿದ್ದೀನಿ, ಹೌದು. ಮಾರಿಲ್ಲ. ಆ ಮನೆ ಗೋಡೆಗೆ ಮೊಳೆ ಹೊಡೆಯೋಕೂ ಯೋಚನೆ ಮಾಡೋಳು ನಾನು."

"ಮತ್ತೆ?"

"ಗುಂಡಿಗೆ ಉಸಿರು ಸಿಕ್ಕಲಿಲ್ಲ. ಆಸ್ಪತ್ರೆಯವರಿಗೆ ಫೋನ್ ಮಾಡಿದ್ರೆ ಮೊದಲು ಗುರುತಿನ ಚೀಟಿ ಹೇಳಿ ಅಂದ್ರು. ಅವಳಿಗೆಲ್ಲಿದೆ ಗುರುತು? ಅಪ್ಪ ಅಮ್ಮನೇ ಗೊತ್ತಿಲ್ಲದೋಳು. ತುಟಿ ನೀಲಿಯಾಗಿ ಬಿದ್ದಿದ್ದಾಳೆ, ಇವರು ಚೀಟಿ ಕೇಳ್ತಾರೆ! ಆಗ ನನಗೆ ಬಂದ ಸಿಟ್ಟು, ಮೇಡಂ..." ಅವಳ ಮುಷ್ಟಿ ಬಿಗಿಯಿತು. "ನನ್ನ ಚೀಟಿ ಅವಳ ಕೈಗೆ ಕೊಟ್ಟೆ. ನನ್ನ ಫೋನೂ ಕೊಟ್ಟೆ. ಮುಖಕ್ಕೆ ಮಾಸ್ಕು, ಮೈತುಂಬ ಹೊದಿಕೆ. ಆಂಬುಲೆನ್ಸಿನವರಿಗೆ ಯಾರಾದರೇನು? ಬೀದಿಯವರೆಲ್ಲ ನಾನೇ ಹೋದೆ ಅಂದ್ಕೊಂಡ್ರು. ಆಮೇಲೆ ನಾನು ಮನೇಲಿ ಇರೋ ಹಾಗಿರ್ಲಿಲ್ಲ. ಬಟ್ಟೆ ವ್ಯಾಪಾರಿಯ ಗೋದಾಮಿನಲ್ಲಿ ಗಂಟಿನ ಮೇಲೆ ಮಲಗಿದ್ದೆ. ಬೇರೆಯವರ ಹೆಸರಲ್ಲಿ ಹಾಸಿಗೆ ಹಿಡಿಯೋದು ಜೈಲಿಗೆ ಹೋಗೋ ಕೆಲಸ ಅಂತ ಆಮೇಲೆ ಗೊತ್ತಾಯ್ತು. ಹುಡುಗಿಗೂ ಹೇಳಲಿಲ್ಲ."

ಕೆಂಡಳ ಸಿಟ್ಟು ನಿಲ್ಲಲು ನೆಲ ಹುಡುಕುತ್ತಿತ್ತು. "ಗುಂಡಿ ಈಗ ಎಲ್ಲಿ?"

"ಗೊತ್ತಿಲ್ಲ." ಚಿಕ್ಕಮ್ಮ ಮಂಚದ ಅಂಚಿನಲ್ಲಿ ಕುಳಿತಳು. "ವಾಸಿಯಾಯ್ತು, ಕಳಿಸ್ತಿದ್ದೀವಿ ಅಂದ್ರಂತೆ. ಗೇಟಿನಲ್ಲಿ ಕಾದೆ. ಒಬ್ಬೊಬ್ಬರೇ ಹೊರಗೆ ಬಂದ್ರು. ಊರುಗೋಲಿನ ಸದ್ದು ಬರಲೇ ಇಲ್ಲ. ಒಳಗೆ ಕೇಳೋಣ ಅಂದ್ರೆ ಏನಂತ ಕೇಳ್ಲಿ? ನಾನು ಎಲ್ಲಿ ಅಂತ ನಾನೇ ಕೇಳ್ಲಾ?"

ಕೆಳಗೆ ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ಬಿದ್ದ ಸದ್ದಾಯಿತು.

"ವಿಡಿಯೋ," ಎಂದಳು ಕೆಂಡ. "ಅದನ್ನ ಯಾಕೆ ತೆಗೆದ್ರಿ?"

"ಅವಳಿಗೋಸ್ಕರ. ಸುತ್ತ ಜನ ಸಾಯ್ತಿದ್ದಾರೆ ಅಕ್ಕಾ, ಒಂದು ಸಲ ಮನೆ ತೋರಿಸು ಅಂತ ಅತ್ಲು. ಒಂದು ಮಧ್ಯಾಹ್ನ ತಗಡು ಸರಿಸಿ ಕಳ್ಳಿ ಹಾಗೆ ನನ್ನ ಮನೆಗೆ ನಾನೇ ನುಗ್ಗಿದೆ. ಅವಳ ಫೋನು ನನ್ನ ಹತ್ರ ಇತ್ತಲ್ಲ, ಅದರಲ್ಲೇ ತೆಗೆದು ಕಳಿಸಿದೆ. ಉದ್ದಕ್ಕೂ ಮಾತಾಡ್ತಾ ತೆಗೆದೆ, ಪಕ್ಕದಲ್ಲೇ ಇದ್ದಾಳೆ ಅನ್ನೋ ಹಾಗೆ."

ಮೂಕ ವಿಡಿಯೋ. ಯಾರೋ ದನಿ ತೆಗೆದು ಕಳಿಸಿದ್ರು. ಕೆಂಡಳ ಬೆನ್ನು ನೆಟ್ಟಗಾಯಿತು.

"ಏನು ಮಾತಾಡಿದ್ರಿ? ಅದರಲ್ಲಿದ್ದ ಹಾಗೇ ಹೇಳಿ."

ಚಿಕ್ಕಮ್ಮ ಕಣ್ಣು ಮುಚ್ಚಿದಳು. "ಇದು ನಿನ್ನ ಸ್ಟೂಲು ಕಣೇ, ಯಾರನ್ನೂ ಕೂರಿಸಿಲ್ಲ. ಇದು ನಿನ್ನ ಸೂಜಿದಿಂಬು. ಇಗೋ ಕಿಟಕಿ. ಬೆಳಗಾದ್ರೆ ನಿನ್ನ ಗುಬ್ಬಿ ಬಂದು ಈ ಗಾಜಿಗೆ ಕುಟ್ಟುತ್ತೆ, ನೀನೆಲ್ಲಿ ಅಂತ ಕೇಳುತ್ತೆ. ಬೇಗ ಬಾ ಅಂದೆ."

ಗುಬ್ಬಿ ಬಂದು ಈ ಗಾಜಿಗೆ ಕುಟ್ಟುತ್ತೆ ಅಂದ್ರಲ್ಲ.

ಇವತ್ತು ಮಧ್ಯಾಹ್ನ ಅದೇ ಕಿಟಕಿಯ ಪಕ್ಕ, ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತ ಹೆಂಗಸು ಆ ಮಾತು ಆಡಿದ್ದಳು. ಅವಳ ಗಂಡ ಕೇಳಿಸಿಕೊಂಡಿರಲಿಲ್ಲ. ಕೇಳಿಸಿಕೊಳ್ಳುವುದು ಹೇಗೆ ಸಾಧ್ಯ? ದಲ್ಲಾಳಿ ಕಳಿಸಿದ ವಿಡಿಯೋದಲ್ಲಿ ಇದ್ದದ್ದು ಜಾಳು ಸಂಗೀತ ಒಂದೇ. ಜೀವಮಾನವಿಡೀ ಕೇಳುವುದನ್ನೇ ಕಲಿತವಳ ಎದುರಿಗೆ ಸತ್ಯ ತಾನೇ ಬಾಯಿಬಿಟ್ಟು ಹೇಳಿತ್ತು. ಕೆಂಡಳ ಕಿವಿ ಅವಳ ಸಿಟ್ಟಿನ ಸದ್ದಿನಿಂದಲೇ ತುಂಬಿಹೋಗಿತ್ತು.

"ಚಿಕ್ಕಮ್ಮ," ಎಂದಳು, ತನ್ನ ದನಿಯೇ ತನಗೆ ದೂರದಿಂದ ಕೇಳಿದಂತೆ. "ಆ ವಿಡಿಯೋನ ಗುಂಡಿ ಒಬ್ಬಳೇ ನೋಡಿದ್ದಾ?"

"ಒಬ್ಬಳೇ ಎಲ್ಲಿ? ಫೋನು ಹಿಡಿಯೋಕೂ ಅವಳ ಕೈಗೆ ಶಕ್ತಿ ಇರ್ಲಿಲ್ಲ. ಅಲ್ಲಿನ ಒಬ್ಬ ನರ್ಸ್ ಪಕ್ಕದಲ್ಲಿ ಕೂತು ಹಿಡಿದು ತೋರಿಸಿದ್ಲಂತೆ, ಮತ್ತೆ ಮತ್ತೆ ಹಾಕಿ. ಬಲು ಒಳ್ಳೆ ಹುಡುಗಿ ಅಕ್ಕಾ ಅಂದ್ಲು ಗುಂಡಿ." ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋಡ್ತಾ ನೋಡ್ತಾ ಅವಳೂ ಅತ್ತುಬಿಟ್ಲಂತೆ ಪಾಪ, ನನಗೂ ಇಂಥದ್ದೊಂದು ಮನೆ ಬೇಕು ಅಂತ."